ಅತ್ತಿಗೆಯ ಬಳೆ ಮತ್ತು ಭರಣಿಯ ಹಳದಿ ನೀರು

ಅಕ್ಕಸಾಲಿಗ ಪತ್ತಾರ ಮೌನೇಶಪ್ಪ ಬಳೆಗಳನ್ನು ಎರಡು ಸಲ ತೂಗಿದರು. ತಕ್ಕಡಿ ಒರೆಸಿ ಮತ್ತೊಮ್ಮೆ ತೂಗಿದರು...

"ಅಮ್ಮಾರ, ಇವು ಎಂಟು ತೊಲಿ ಇಲ್ರಿ. ಅರ್ಧ ತೊಲಿ ಕಮ್ಮಿ ಅದಾವ."

ಪಡಸಾಲೆಯಲ್ಲಿದ್ದವರೆಲ್ಲ ತಕ್ಕಡಿಯತ್ತ ಬಗ್ಗಿದೆವು.

ಇದು ಐವತ್ತರ ದಶಕದ ಮಾತು, ಈಗಿನ ಆಂಧ್ರದ ಆದವಾನಿಯಲ್ಲಿ. ಅಪ್ಪನದು ಹತ್ತಿ ವ್ಯಾಪಾರ. ನಾನು ಹೈಸ್ಕೂಲಿನ ಕೊನೆಯ ಕ್ಲಾಸು. ಈಗ ನನಗೆ ಎಂಬತ್ತು ದಾಟಿದೆ, ನಾನು ಹೇಳ್ತಿದ್ದೇನೆ, ಮೊಮ್ಮಗಳು ಟೈಪ್ ಮಾಡ್ತಿದ್ದಾಳೆ.

ಅಣ್ಣನ ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಅತ್ತಿಗೆ ಗಿರಿಜಾ ಹೊಳಗುಂದದ ಒಕ್ಕಲುತನದ ಮನೆಯವಳು. ಆ ನಾಲ್ಕು ಬಳೆ ಅವಳ ತವರಿನವರು ಹಾಕಿದ್ದವು. ಬಿಗಿಯಾಗುತ್ತಿವೆ, ಸ್ವಲ್ಪ ಹಿಗ್ಗಿಸೋಣ ಎಂದು ಅವ್ವ ಪತ್ತಾರರನ್ನು ಕರೆಸಿದ್ದಳು. ಬಂಗಾರಕ್ಕೆ ಕೈ ಹಚ್ಚುವ ಮೊದಲು ತೂಗಿ ತೋರಿಸುವುದು ಅವರ ರೂಢಿ.

"ನಿಮ್ಮಪ್ಪಾರು ಎಂಟು ತೊಲಿ ಅಂತ ಹತ್ತು ಮಂದಿ ಮುಂದ ಹೇಳಿದ್ರಲ್ಲ, ಗಿರಿಜಾ. ಇದೇನಿದು?" ಎಂದಳು ಅವ್ವ.

ಅತ್ತಿಗೆ ತಲೆ ತಗ್ಗಿಸಿದಳು. ಒಂದು ಮಾತೂ ಆಡಲಿಲ್ಲ. ಅಣ್ಣ ಕಿಟಕಿಯ ಕಡೆ ತಿರುಗಿ ನಿಂತ.

ಅವ್ವ ಅವನಿಗೆ ಹೇಳಿದಳು, "ನಾಳೆ ಹೊಳಗುಂದಕ್ಕ ಕರಕೊಂಡು ಹೋಗಿ ಬೀಗರನ್ನ ಕೇಳು. ಅವರು ಜವಾಬು ಕೊಡೋತನಕ ಆಕಿ ಅಲ್ಲೇ ಇರಲಿ."

ಒಂದು ಅರ್ಧ ತೊಲಿಗೆ ಅತ್ತಿಗೆಯನ್ನು ತವರಿಗೆ ಕಳಿಸುತ್ತಾರಾ?

ಆಗ ಬಳೆಗಳ ಕಡೆ ನೋಡಿದೆ. ಎಷ್ಟು ಹೊಳೆಯುತ್ತಿದ್ದವು...

ಹಿಂದಿನ ದಿನ ಮಧ್ಯಾಹ್ನ, ಗಂಡಸರು ಜಿನ್ನಿಂಗ್ ಮಿಲ್ಲಿನಲ್ಲಿದ್ದಾಗ, ಒಡವೆಗೆ ಪಾಲಿಶ್ ಮಾಡುವವನೊಬ್ಬ ಬಂದಿದ್ದ. ಮೊದಲು ನಮ್ಮ ಹಿತ್ತಾಳೆ ಚೊಂಬು ಬೆಳಗಿ ತೋರಿಸಿದ. ಅವ್ವನಿಗೆ ನಂಬಿಕೆ ಬಂತು. ಆದರೂ ತನ್ನ ಬಳೆ ತೆಗೆಯಲಿಲ್ಲ. "ಮೊದಲು ಗಿರಿಜಾನವು ಆಗಲಿ" ಅಂದಳು.

ಅವನು ನಮ್ಮದೇ ಉಪ್ಪಿನಕಾಯಿ ಭರಣಿ ಕೇಳಿ ತೆಗೆದುಕೊಂಡ. ಎರಡು ಬಾಟಲಿಗಳಿಂದ ಏನೋ ಸುರಿದು, ಭರಣಿಯನ್ನು ಬಿಸಿನೀರಿನಲ್ಲಿಟ್ಟು, ಬಳೆಗಳನ್ನು ಒಳಗೆ ಬಿಟ್ಟ. ಮೂಗು ಉರಿಯುವ ವಾಸನೆ. ನೋಡನೋಡುತ್ತ ಒಳಗಿನ ನೀರು ಅರಿಶಿನದ ಬಣ್ಣಕ್ಕೆ ತಿರುಗಿತು. ಹೊರಗೆ ತೆಗೆದು ಉಜ್ಜಿದರೆ ಬಳೆ ಥಳಥಳ.

ಅಷ್ಟರಲ್ಲಿ ಅಪ್ಪನ ಜಟಕಾ ಬಾಗಿಲಿಗೆ ಬಂತು. ಭರಣಿ ಇನ್ನೂ ಸುಡುತ್ತಿತ್ತು, ಬಾಟಲಿಗೆ ತುಂಬಿಸುವಷ್ಟು ಹೊತ್ತಿರಲಿಲ್ಲ. "ಅದು ಹೊಲಸು ನೀರಮ್ಮಾ, ಯಾರೂ ಚೆಲ್ಲಬ್ಯಾಡ್ರಿ. ನಾಳಿಗೆ ನಾನೇ ಬಂದು ಒಯ್ತೀನಿ" ಎಂದು ಹಿತ್ತಲ ಬಾಗಿಲಿನಿಂದ ಹೋಗಿಬಿಟ್ಟ.

ಹೊಲಸು ನೀರನ್ನು ಒಯ್ಯಲು ಯಾರಾದರೂ ತಿರುಗಿ ಬರುತ್ತಾರಾ?

ನಾನು ಸ್ಕೂಲಿಗೆ ಓಡಿದೆ. ನಮ್ಮ ಸೈನ್ಸ್ ಮೇಷ್ಟ್ರು ತೆಲುಗಿನವರು. ಅದೇ ವಾರ ಮೈಲುತುತ್ತದ ನೀರಿನಲ್ಲಿ ಕಬ್ಬಿಣದ ಮೊಳೆ ಅದ್ದಿ, ಅದರ ಮೇಲೆ ತಾಮ್ರ ಕೂರುವುದನ್ನು ತೋರಿಸಿದ್ದರು. ಏದುಸಿರಿನಲ್ಲೇ ಕೇಳಿದೆ, "ಸಾರ್, ಬಂಗಾರನೂ ಹಂಗ ನೀರಿನಾಗ ಇರ್ತೈತೇನ್ರಿ?"

ನಡೆದದ್ದನ್ನೆಲ್ಲ ಕೇಳಿ ಅವರು ಚಾಕ್‌ಪೀಸ್ ಕೆಳಗಿಟ್ಟರು. "ನಡಿಯಮ್ಮಾ, ಹೋಗೋಣ. ಆ ಭರಣಿ ಯಾರೂ ಮುಟ್ಟಕೂಡದು."

ದಾರಿಯಲ್ಲಿ ಗಿಡಮೂಲಿಕೆ ಅಂಗಡಿಯಿಂದ ಅನ್ನಭೇದಿ ಕೊಂಡರು, ಶಾಯಿ ಮಾಡಲು ಬಳಸುತ್ತಿದ್ದ ಹಸಿರು ಹರಳು. ಪತ್ತಾರರನ್ನೂ ಮತ್ತೆ ಕರೆಸಿದರು.

ಹಿತ್ತಲಲ್ಲಿ ನಾವೆಲ್ಲ ದೂರ ನಿಂತಿದ್ದೇವೆ. ಮೇಷ್ಟ್ರು ಮುಖಕ್ಕೆ ಟವಲ್ ಕಟ್ಟಿಕೊಂಡು, ದೊಡ್ಡ ಪಿಂಗಾಣಿ ಪಾತ್ರೆಯಲ್ಲಿ ನೀರು ತುಂಬಿ, ಭರಣಿಯಲ್ಲಿದ್ದುದನ್ನು ನಿಧಾನಕ್ಕೆ ಅದಕ್ಕೆ ಬಗ್ಗಿಸುತ್ತಾರೆ. ಆಮೇಲೆ ಅನ್ನಭೇದಿ ಕರಗಿಸಿದ ನೀರು ಸುರಿಯುತ್ತಾರೆ.

ಮೊದಲು ಕಂದು ಹೊಗೆ ಎದ್ದಿತು. ಇನ್ನಷ್ಟು ಸುರಿದರು. ಇನ್ನೂ ಸುರಿದರು... ಹಳದಿ ನೀರು ಕದಡಿ ಕಪ್ಪಾಯಿತು. ತಡೆದು ನೋಡಿದರೆ ತಳದಲ್ಲಿ ಕಂದು ಪುಡಿ.

"ಇದು ರಾಡಿ ಅಲ್ಲೇನ್ರಿ?" ಅಂದಳು ಅವ್ವ.

"ರಾಡಿ ಅಲ್ಲಮ್ಮಾ, ನಿಮ್ಮ ಬಂಗಾರ. ಅವನು ಸುರಿದ ಆಸಿಡ್ಡು ಬಂಗಾರದ ಎಲೆಕ್ಟ್ರಾನ್ ಕಿತ್ಕೊಂಡಿತ್ತು, ಅದಕ್ಕೇ ಕರಗಿ ನೀರಿನಾಗ ಇಳಿದಿತ್ತು. ಅನ್ನಭೇದಿಯಾಗಿನ ಕಬ್ಬಿಣ ಈಗ ತನ್ನದು ಕೊಡ್ತು. ಸಿಕ್ಕ ಕೂಡಲೆ ತಿರುಗಿ ಬಂಗಾರ ಆತು." ನನ್ನ ಕಡೆ ತಿರುಗಿ ಹೇಳಿದರು, "ನೆನಪಿಟ್ಕೋಮ್ಮಾ. ಒಂದು ಕಳಕೊಂಡ್ರೇನೇ ಇನ್ನೊಂದಕ್ಕ ಸಿಗೋದು. ಎರಡೂ ಕೂಡೇ ನಡೀತಾವ. ಆಕ್ಸಿಡೇಶನ್, ರಿಡಕ್ಷನ್."

ಪತ್ತಾರರು ಆ ಪುಡಿಯನ್ನು ಸೋಸಿ, ತೊಳೆದು, ಬಿಳಿಗಾರ ಹಾಕಿ ಮೂಸೆಯಲ್ಲಿಟ್ಟು, ಬೆಂಕಿ ಊದಿ ಕರಗಿಸಿದರು. ತಣ್ಣಗಾದ ಮೇಲೆ ಬಗ್ಗಿಸಿದರೆ ಕಡಲೆಯಷ್ಟು ಹಳದಿ ಗುಂಡು ಉರುಳಿತು.

ಅವ್ವ ಗುಂಡನ್ನು ಎತ್ತಿ ಅಂಗೈ ಮೇಲೆ ಹೊರಳಿಸಿ ನೋಡಿದಳು. ಅವ್ವ ದಿನಾ ಉಪ್ಪಿನಕಾಯಿ ತೆಗೆಯುತ್ತಿದ್ದ ಭರಣಿಯೊಳಗೆ ಬಂಗಾರ ಕಾಣದ ಹಾಗೆ ಕೂತಿತ್ತು...

ಗುಂಡು ಅರ್ಧ ತೊಲಿಗೆ ಸ್ವಲ್ಪ ಕಡಿಮೆ ಬಂತು. ಬಳೆಯಲ್ಲಿ ಬೆರೆಸಿದ್ದ ತಾಮ್ರ ನೀರಿನಲ್ಲೇ ಉಳಿದಿದೆ, ಅದನ್ನು ಹೊರಗೆ ತರುವುದು ಅನ್ನಭೇದಿಯ ಕೈಲಿ ಆಗುವುದಿಲ್ಲ ಎಂದರು ಮೇಷ್ಟ್ರು. ಪತ್ತಾರರೂ ತಲೆಯಾಡಿಸಿದರು.

ಪಾಲಿಶ್‌ನವನು ತಿರುಗಿ ಬರಲೇ ಇಲ್ಲ. ಬಾಗಿಲಲ್ಲಿ ಮಂದಿ ಸೇರಿದ್ದು ದೂರದಿಂದಲೇ ನೋಡಿ ಹೋಗಿರಬೇಕು.

ಅವ್ವ ಅಣ್ಣನಿಗೆ ಇಷ್ಟೇ ಹೇಳಿದಳು, "ಹೊಳಗುಂದಕ್ಕ ಹೋಗೋದು ಬ್ಯಾಡ." ಅತ್ತಿಗೆಗೆ ಏನೂ ಹೇಳಲಿಲ್ಲ.

ಸಂಜೆ ಅತ್ತಿಗೆ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಅವ್ವನ ಮಾತಿಗೆ ನೊಂದಿದ್ದಾಳೆ ಅಂದುಕೊಂಡು ಹತ್ತಿರ ಹೋದೆ. "ಎಲ್ಲಾ ಗೊತ್ತಾತಲ್ಲ ಅತ್ತಿಗಿ, ಇನ್ಯಾಕ ಅಳ್ತಿ?"

"ನಿಮ್ಮವ್ವ ಅಂದದ್ದಕ್ಕಲ್ಲ, ನೀಲಾ. ಪತ್ತಾರ್ರು ಕಮ್ಮಿ ಅಂದ ಕೂಡಲೆ ನಾನೂ ನಂಬಿದೆ. ನಮ್ಮಪ್ಪ ಮೋಸ ಮಾಡ್ಯಾನ ಅಂತ ನನಗೂ ಅನಿಸ್ತು. ಅದಕ್ಕೇ ನನ್ನ ಬಾಯಿಂದ ಮಾತು ಹೊರಡಲಿಲ್ಲ."

ಭರಣಿಯಿಂದ ಬಂಗಾರ ಬಂದಾಗ ಆದದ್ದಕ್ಕಿಂತ ದೊಡ್ಡ ಶಾಕ್ ನನಗೆ ಆದದ್ದು ಆಗ. ಅವಳ ಕೈ ಹಿಡಿದು ಪಕ್ಕದಲ್ಲೇ ನಿಂತೆ.

ನಿಮ್ಮದೇ ಮನೆಯವರ ಮೇಲೆ ಹೀಗೆ ಒಂದು ಗಳಿಗೆ ಅನುಮಾನ ಬಂದು, ಆಮೇಲೆ ಅದನ್ನು ಅವರಿಗೆ ಹೇಳಲಾಗದೆ ಉಳಿದದ್ದು ನಿಮಗೂ ಇದೆಯಾ?