ಪೂವಯ್ಯ ಅಂಕಲ್‌ರ ಎಡಗೈ

ನಮ್ಮದು ಮಡಿಕೇರಿಯಲ್ಲಿ ಪೂಜೆ ಮಾಡಿಕೊಂಡು ಬಂದ ಮನೆತನ. ಗಾಳಿ ಸೋಕಿದೆ, ಮನೆಯಲ್ಲಿ ಯಾರೋ ಓಡಾಡಿದಂತಾಗುತ್ತದೆ ಎಂದು ತಾಯತ ಕೇಳಿಕೊಂಡು ಬರುವವರನ್ನು ನೋಡುತ್ತಲೇ ಬೆಳೆದವಳು ನಾನು. ಅಪ್ಪ ಅವರಿಗೆ ಸಮಾಧಾನ ಹೇಳಿ ಕಳಿಸುತ್ತಿದ್ದರು, ನಾನು ಒಳಗೆ ಕೂತು ನಗುತ್ತಿದ್ದೆ. ಗಣಿತದ ಟೀಚರ್ ಆದ ಮೇಲಂತೂ ಇಂಥ ಮಾತು ಎತ್ತಿದವರ ಎದುರು ಕೂರುವ ತಾಳ್ಮೆಯೂ ಉಳಿಯಲಿಲ್ಲ. ಹಾಗಾಗಿ ಇದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಕಾಲೇಜು ಓದುವಾಗ ಮೈಸೂರಿನಲ್ಲಿ ಡಬಲ್ ಬೇಸ್ ಕಲಿತಿದ್ದೆ. ಆಳೆತ್ತರದ ಪಿಟೀಲಿನಂಥ ವಾದ್ಯ ಅದು. ಪಕ್ಕದಲ್ಲಿ ನಿಂತು ದಪ್ಪ ತಂತಿಗಳನ್ನು ಬೆರಳಲ್ಲಿ ಮೀಟಬೇಕು. ಊರಿಗೆ ಬಂದ ಮೇಲೆ ಅದನ್ನು ಕೇಳುವವರೇ ಇರಲಿಲ್ಲ. ಹುದಿಕೇರಿಯ ಪೂವಯ್ಯ ಅಂಕಲ್‌ಗೆ ಹೇಗೋ ಗೊತ್ತಾಗಿ ನನ್ನನ್ನು ಕರೆಸಿಕೊಂಡರು.

ಅವರು ಬದುಕೆಲ್ಲ ಪಿಯಾನೊ ನುಡಿಸಿದವರು. ಮುಂಬೈಯ ಹೋಟೆಲುಗಳಲ್ಲಿ ಜಾಝ್, ಚೆನ್ನೈಯ ಸ್ಟುಡಿಯೊಗಳಲ್ಲಿ ಸಿನಿಮಾ ಹಾಡು, ಭಾನುವಾರ ಬೆಳಿಗ್ಗೆ ಚರ್ಚು, ನಡುವೆ ಸೋಪಿನ ಜಾಹೀರಾತು. ಏನು ಕೊಟ್ಟರೂ ನುಡಿಸುವ ಕೈ ಎಂದು ಹೆಸರು ಮಾಡಿದ್ದರು. ಆ ಹೆಸರು ಮಾತ್ರ ಯಾವ ರೆಕಾರ್ಡಿನ ಮೇಲೂ ಬರಲಿಲ್ಲ. ಎಪ್ಪತ್ತು ದಾಟಿ ಊರಿಗೆ ಮರಳಿದ ಮೇಲೆ ಪಿಯಾನೊ, ಬೇಸ್, ಡ್ರಮ್ಸ್ ಮೂರೇ ಇರುವ ಒಂದು ಜಾಝ್ ರೆಕಾರ್ಡ್ ಮಾಡಬೇಕು, ಟ್ಯೂನ್‌ಗಳೆಲ್ಲ ತಮ್ಮವೇ ಆಗಿರಬೇಕು ಎಂದು ಹಟ ಹಿಡಿದಿದ್ದರು. ಅಭ್ಯಾಸ ಶುರುವಾಗುವ ಹೊತ್ತಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು.

ಇಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ. ಆಸ್ಪತ್ರೆಯಿಂದ ಮನೆಗೆ ಬಂದವರು ಫೋನ್ ಮಾಡಿದರು.

"ಮಗಳೆ, ಎಡಗೈ ನುಡಿಸುವ ಕೆಳಗಿನ ಸ್ವರಗಳ ಕೆಲಸ ನೀನು ಬೇಸಲ್ಲಿ ಮಾಡು. ಬಲಗೈ ನಾನು ನೋಡಿಕೊಳ್ತೇನೆ. ಈಗ ಆಗದಿದ್ರೆ ಇನ್ನು ಆಗೋದಿಲ್ಲ."

ಕಾಫಿ ಪಿಕಿಂಗ್ ಮುಗಿದ ದಿನಗಳು. ಅವರ ಮನೆಯ ಹಾಲಿನಲ್ಲೇ ಮೈಕುಗಳನ್ನು ಜೋಡಿಸಿದೆವು. ಮೈಕು, ಕಂಪ್ಯೂಟರ್ ಎಲ್ಲ ನನ್ನದೇ. ಮದುವೆ ಆರ್ಕೆಸ್ಟ್ರಾಗಳಲ್ಲಿ ಡ್ರಮ್ಸ್ ನುಡಿಸುವ ಸಲೀಂ ಸೋಮವಾರಪೇಟೆಯಿಂದ ಬಂದಿದ್ದ. ಅಂಕಲ್‌ರ ಹೆಂಡತಿ ಬೋಜಮ್ಮ ಆಂಟಿ ಅವರ ಎಡಕ್ಕೆ ಸ್ಟೂಲ್ ಹಾಕಿಕೊಂಡು ಕೂತರು. ಎಡಗೈ ತೊಡೆಯಿಂದ ಜಾರಿದರೆ ಭುಜವನ್ನೇ ಎಳೆಯುತ್ತಿತ್ತು, ಅದಕ್ಕೆ ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದರು.

ಬೆಳಗಿನ ಹೊತ್ತು ಏನೂ ಕೂಡಿಬರಲಿಲ್ಲ. ಬಲಗೈ ಮುಂದೆ ಹೋಗುತ್ತ, ಎಡಗೈ ಸೇರಿಕೊಳ್ಳಬೇಕಾದ ಜಾಗ ಬಂದಾಗ ತಡವರಿಸಿ ನಿಲ್ಲುತ್ತಿತ್ತು. ಆ ಜಾಗವನ್ನು ನನ್ನ ಬೇಸ್ ತುಂಬಲಿಲ್ಲ. ಅಂಕಲ್ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಊಟವಾದ ಮೇಲೆ, ಪ್ರಾಯದಲ್ಲಿ ಮಾಡಿದ್ದ ಒಂದು ನಿಧಾನದ ಟ್ಯೂನ್ ಎತ್ತಿಕೊಂಡರು. ಒಮ್ಮೆಯೂ ನಿಲ್ಲಿಸದೆ ಕೊನೆಯ ತನಕ ನುಡಿಸಿದರು. ನನಗೆ ಕೇಳಿಸಿದ್ದು ಬಲಗೈ ಮಾತ್ರ. ಸಲೀಂಗೂ ಅಷ್ಟೆ. ಅವರ ಎಡಗೈ ಆಂಟಿಯ ಮಡಿಲಲ್ಲಿತ್ತು, ನಾನು ಅದನ್ನು ನೋಡುತ್ತಲೇ ನುಡಿಸಿದ್ದೆ.

ಆಮೇಲೆ ಸ್ಪೀಕರಿನಲ್ಲಿ ಹಾಕಿದೆ. ಅದರಲ್ಲಿ ಎಡಗೈ ಇತ್ತು.

ಪಿಯಾನೊದ ಕೆಳಗಿನ ಸ್ವರಗಳು ಮೂರು ನಾಲ್ಕು ಒಟ್ಟೊಟ್ಟಿಗೆ, ಅವಸರವಿಲ್ಲದೆ, ಬಲಗೈ ಉಸಿರು ತೆಗೆದುಕೊಳ್ಳುವಲ್ಲಿ ಬಂದು ಸೇರುತ್ತಿದ್ದವು. ನಿಲ್ಲಿಸಿದೆ. ವೈರುಗಳನ್ನು ನೋಡಿದೆ. ಮತ್ತೆ ಮೊದಲಿಂದ ಹಾಕಿದೆ. ನನ್ನ ಬೇಸಿನ ಎದುರಿದ್ದ ಮೈಕಿನಲ್ಲಿ ದಾಖಲಾದದ್ದನ್ನು ಮಾತ್ರ ಹಾಕಿ ಕೇಳಿದೆ. ಅದರಲ್ಲೂ ಇತ್ತು, ಪಿಯಾನೊ ಇದ್ದ ಮೂಲೆಯಿಂದ ಬರುವಂತೆ, ಸಣ್ಣಗೆ. ಎಂದರೆ ಆ ಸ್ವರಗಳು ಹಾಲಿನಲ್ಲಿ ಎದ್ದಿದ್ದವು, ನಾವು ನಾಲ್ವರೂ ಅಲ್ಲೇ ಇದ್ದೆವು, ಯಾರಿಗೂ ಕೇಳಿಸಿರಲಿಲ್ಲ.

"ಟೀಚರ್, ಹಳೇದು ಯಾವುದಾದ್ರೂ ಮಿಕ್ಸ್ ಆಯ್ತಾ ಎಂತ?" ಎಂದ ಸಲೀಂ. ಅಂಕಲ್‌ರ ಪಿಯಾನೊವನ್ನು ನಾನು ರೆಕಾರ್ಡ್ ಮಾಡಿದ್ದು ಅದೇ ಮೊದಲ ದಿನ, ಹಳೇದು ಎಂಬುದೇ ಇರಲಿಲ್ಲ.

ಬೋಜಮ್ಮ ಆಂಟಿ ನಮ್ಮ ಯಾರ ಮುಖವನ್ನೂ ನೋಡದೆ ಹೇಳಿದರು. "ಕೈ ನನ್ನ ಹತ್ರ ಇತ್ತು. ಬಿಡಲೇ ಇಲ್ಲ ನಾನು."

ಅಂಕಲ್‌ಗೆ ಸಂತೋಷವಾಗಬಹುದು ಎಂದು ನನಗೆ ಅನಿಸಿತ್ತು. ಅವರು ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಹಾಕು ಎಂದರು. ಕಣದಲ್ಲಿ ಹರಡಿದ್ದ ಕಾಫಿಯನ್ನು ಆಳುಗಳು ಗುಡ್ಡೆ ಮಾಡಿ ಮುಚ್ಚುವ ಹೊತ್ತಿನವರೆಗೂ ಕೇಳಿದರು. ಕೊನೆಗೆ, "ಕೈ ಸರಿ ಇದ್ದಾಗಲೂ ಇಷ್ಟು ಚಂದ ನಾನು ನುಡಿಸ್ಲಿಲ್ಲ" ಎಂದರು.

"ದೇವರು ಕೊಟ್ಟದ್ದು ಅಂತ ಇಟ್ಟುಕೊಳ್ಳಿ ಅಂಕಲ್" ಎಂದ ಸಲೀಂ.

"ನಂಗೆಲ್ಲಿ ಕೊಟ್ಟ? ತೋರಿಸಿದ, ಅಷ್ಟೆ." ಆಮೇಲೆ ನನ್ನ ಕಡೆ ತಿರುಗಿದರು. "ಅದಕ್ಕೆ ನನ್ನ ಹೆಸರು ಹಾಕ್ಬೇಡ."

ಬಲಗೈಯಿಂದಲೇ ಪಿಯಾನೊದ ಮುಚ್ಚಳ ಹಾಕಿದರು. ಮಾರನೆಯ ದಿನ ನಾವು ಹೋದಾಗ ಹಾಲಿಗೆ ಬರಲಿಲ್ಲ. ಆಮೇಲೂ ಪಿಯಾನೊ ಮುಟ್ಟಲಿಲ್ಲ. ರಜೆ ಸಿಕ್ಕಾಗ ನಾನು ಹೋಗಿ ಕೂರುತ್ತಿದ್ದೆ. ಎಡಗೈಗೆ ಎಣ್ಣೆ ಹಚ್ಚಲು ಬಿಡುವುದಿಲ್ಲ, ಶಾಲಿನೊಳಗೆ ಮುಚ್ಚಿಟ್ಟುಕೊಳ್ಳುತ್ತಾರೆ ಎಂದು ಆಂಟಿ ಅಳುತ್ತಿದ್ದರು. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಮುಂದಿನ ವರ್ಷ ಕಾಫಿ ಹೂ ಬಿಡುವ ಮೊದಲೇ ತೀರಿಕೊಂಡರು. ರೆಕಾರ್ಡ್ ಆಗಲಿಲ್ಲ. ಇರುವುದು ಅದೊಂದೇ ಟ್ಯೂನ್; ಉಳಿದವೆಲ್ಲ ಅರ್ಧಕ್ಕೆ ನಿಂತ ತುಂಡುಗಳು.

ಕಾರಣ ಹುಡುಕದೆ ಬಿಟ್ಟವಳಲ್ಲ ನಾನು. ಧ್ವನಿಯ ಕೆಲಸ ಬಲ್ಲ ಮೈಸೂರಿನ ಗೆಳತಿಗೆ ಏನೂ ಹೇಳದೆ ಕೇಳಿಸಿದೆ. ಎರಡೂ ಕೈ ಒಬ್ಬರದೇ, ಸಂಶಯವೇ ಇಲ್ಲ ಎಂದಳು. ವಿಷಯ ಹೇಳಿದಾಗ ಮತ್ತೆ ಮೊದಲಿಂದ ಹಾಕಿಸಿ ಕೇಳಿದಳು. ಅದು ಏನು ಎಂಬುದಕ್ಕಿಂತ ನನ್ನನ್ನು ಕೊರೆಯುವುದು ಬೇರೆ: ಆ ಸ್ವರಗಳು ಬರುವುದೇ ಆಗಿದ್ದರೆ ಅಂಕಲ್ ನುಡಿಸುತ್ತಿದ್ದಾಗ ಅವರ ಕಿವಿಗಾದರೂ ಯಾಕೆ ಬೀಳಲಿಲ್ಲ?

ಈಚೆಗೆ ಬೋಜಮ್ಮ ಆಂಟಿ ಕರೆಸಿ, ಆ ಟ್ಯೂನ್ ಒಮ್ಮೆ ಹಾಕು ಎಂದರು. ಹಾಕಿದೆ. ಸ್ಪೀಕರಿನ ಮೇಲೆ ಅಂಗೈ ಇಟ್ಟುಕೊಂಡು ಕೇಳಿದರು.

"ಇದು ಅವರೇ ಅಲ್ವಾ ಮಗಳೆ?"

ನಾನು ಟ್ಯೂನನ್ನು ಮತ್ತೆ ಮೊದಲಿಂದ ಹಾಕಿ, ಅವರ ಕೈಯ ಪಕ್ಕ ನನ್ನ ಅಂಗೈಯನ್ನೂ ಸ್ಪೀಕರಿನ ಮೇಲೆ ಇಟ್ಟೆ.