ತೂಕದ ಫಕೀರಪ್ಪ ಮತ್ತು ಎರಡು ಕರಿ ವಾಯರ್

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ರಾಮಲಿಂಗಪ್ಪನವರ ಒಣಮೆಣಸಿನಕಾಯಿ ಅಂಗಡಿಯಲ್ಲಿ ಫಕೀರಪ್ಪ ಮೂವತ್ತೊಂದು ವರ್ಷ ತೂಕ ಮಾಡಿದ. ಅದೇ ಅಂಗಡಿಯಲ್ಲಿ ಕಸ ಗುಡಿಸಿ ಚಹಾ ಮಾಡುವವಳು ನಾನು. ಅವನ ಬಗ್ಗೆ ಯಾರ್ಡಿನಲ್ಲಿ ಈಗ ಒಂದು ಮಾತು ಓಡಾಡುತ್ತದೆ. ಅದು ಸುಳ್ಳು. ಆ ಸುಳ್ಳು ಹುಟ್ಟಿದ ದಿನ ನಾನು ಅಲ್ಲೇ ಇದ್ದೆ, ಬಾಯಿ ಮುಚ್ಚಿಕೊಂಡಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಫಕೀರಪ್ಪ ಶಿರಹಟ್ಟಿ ಕಡೆಯವನು. ತಕ್ಕಡಿಯೆಂದರೆ ಅವನಿಗೆ ದೇವರ ಕಟ್ಟೆ. ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಬರುವನು. ಅದರ ಮೇಲೆ ಅವನ ಕಾಲಿನ ಹೆಬ್ಬೆರಳು ತಾಗಿದ್ದನ್ನು ನಾನು ಕಂಡಿಲ್ಲ. ಮೊದಲ ಚೀಲಕ್ಕೆ ಒಂದು ಅನ್ನದೆ ಲಾಭ ಅನ್ನುವನು, ಆಮೇಲೆ ಎರಡು, ಮೂರು. ಒಂದೊಂದು ಚೀಲದ ತೂಕವನ್ನೂ ರಸ್ತೆಯ ಆ ತುದಿಗೆ ಕೇಳುವ ಹಾಗೆ ಕೂಗುವನು: "ಲಾಭ! ನಲವತ್ಮೂರೂವರಿ!" ಮೊದಲೆಲ್ಲ ಆ ಕೂಗು ಕೇಳಿಯೇ ಒಳಗೆ ಚೀಟಿ ಬರೆಯುತ್ತಿದ್ದರು.

ಎರಡು ವರ್ಷದ ಹಿಂದೆ ಕಂಪ್ಯೂಟರ್ ಬಂತು. ಎಡಗಡೆಯ ತಕ್ಕಡಿ ಊರಿಂದ ಬಂದ ಮಾಲಿಗೆ, ಬಲಗಡೆಯದು ಗಿರಾಕಿಗೆ ಹೋಗುವ ಮಾಲಿಗೆ. ಎರಡರಿಂದಲೂ ಒಂದೊಂದು ಕರಿ ವಾಯರ್ ಹೊರಟು ಕಂಪ್ಯೂಟರಿನ ಬೆನ್ನಿಗೆ ಸೇರುತ್ತಿತ್ತು. ತೂಕ ತಾನೇ ಹೋಗಿ ಚೀಟಿಯಲ್ಲಿ ಬೀಳುತ್ತಿತ್ತು. ಅದರ ಮುಂದೆ ಕೂಡುವವ ಯಜಮಾನರ ಅಣ್ಣನ ಮಗ ಶಿವಪ್ರಕಾಶ.

"ಕಾಕಾ, ಇನ್ ಒದರೂದ್ ಬಿಡ್ರಿ. ಯಾರ್ ಕೇಳ್ತಾರ?" ಎಂದು ಅವನು ನಗುತ್ತಿದ್ದ.

"ಕೇಳ್ಲಿಕ್ಕ್ ಕಾಶವ್ವ ಅದಾಳ ಬಿಡೋ," ಎಂದು ಫಕೀರಪ್ಪ ನನ್ನ ಕಡೆ ಕೈ ತೋರಿಸಿ ಮತ್ತೆ ಕೂಗುತ್ತಿದ್ದ. ನಿಜ, ನಾನು ಕೇಳುತ್ತಿದ್ದೆ. ಚಹಾ ಕುದಿಯುವತನಕ ಬೇರೆ ಏನು ಕೆಲಸ?

ಹೋದ ವರ್ಷ ಖಂಡೇನವಮಿಗೆ ಫಕೀರಪ್ಪ ಉಪವಾಸವಿದ್ದು ಬಂದ. ಆಯುಧ ಪೂಜೆಯೆಂದರೆ ತಕ್ಕಡಿಗೆ ಜಳಕ ಆಗಲೇಬೇಕು. ಧೂಳು ಹಿಡಿದ ವಾಯರುಗಳನ್ನೂ ಬಿಡಲಿಲ್ಲ. ಎಲ್ಲ ಕಿತ್ತು, ಒದ್ದೆ ಅರಿವೆಯಿಂದ ಒರೆಸಿ, ಒಂದೊಂದಕ್ಕೂ ವಿಭೂತಿ ಹಚ್ಚಿದ. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೆ. ಪೂಜೆ ಮುಗಿದ ಮೇಲೆ ತಿರುಗಿ ಸಿಕ್ಕಿಸಿದ. ಎರಡೂ ಕರಿ, ಎರಡೂ ಒಂದೇ ಉದ್ದ. ಕಂಪ್ಯೂಟರ್ ಹತ್ತಿತು, ಚೀಟಿ ಬಂತು. ಪೇಢೆ ಹಂಚಿದೆವು.

ಮರುದಿನದಿಂದ ದೀಪಾವಳಿ ಮಸಾಲೆಯ ಗದ್ದಲ. ಎರಡೂ ತಕ್ಕಡಿಯ ಮೇಲೆ ಬೆಳಗಿನಿಂದ ಚೀಲ ಇಳಿಯುವುದು, ಏರುವುದು. ಚೀಟಿ ಸ್ವಲ್ಪ ತಡವಾಗಿ ಬರುತ್ತಿತ್ತು. ಹಬ್ಬದ ಜಡ ಇನ್ನೂ ಇಳಿದಿಲ್ಲ ಎಂದು ಶಿವಪ್ರಕಾಶ ಕಂಪ್ಯೂಟರಿನ ತಲೆಗೆ ತಟ್ಟುತ್ತಿದ್ದ. ನನ್ನ ಕಿವಿಗೆ ಮಾತ್ರ ಬೇರೊಂದು ಬಿತ್ತು. ಹೊರಗೆ ಫಕೀರಪ್ಪ ತಕ್ಕಡಿಯ ಅಂಕಿ ನೋಡಿ ನಲವತ್ಮೂರೂವರಿ ಅಂದರೆ ಒಳಗೆ ಶಿವಪ್ರಕಾಶ ಚೀಟಿ ಓದಿ ನಲವತ್ತೊಂದು ಅನ್ನುತ್ತಿದ್ದ. ಖಾಲಿ ಚೀಲದ ತೂಕ ಕಳೆದಿರಬೇಕು ಅಂದುಕೊಂಡೆ. ಒಮ್ಮೊಮ್ಮೆ ಒಳಗಿನದೇ ಹೆಚ್ಚಾಗಿರುತ್ತಿತ್ತು. ಆಗಲೂ ಸುಮ್ಮನಿದ್ದೆ. ಚಹಾದವಳು ತೂಕದ ಮಾತಿಗೆ ಹೋಗಬಾರದು ಅಂದುಕೊಂಡೆ.

ಐದನೆಯ ದಿನ ಮಸಾಲೆ ಗಿರಣಿಯ ಏಕನಾಥ ಬಂದ. ಒಯ್ದ ಹತ್ತು ಚೀಲಗಳನ್ನು ತನ್ನಲ್ಲಿ ತೂಗಿ ನೋಡಿದ್ದ, ಚೀಟಿಗಿಂತ ಹನ್ನೊಂದು ಕಿಲೋ ಕಡಿಮೆ. ನಾಲ್ಕು ಅಂಗಡಿಯವರು ಕೂಡಿದರು. ರಾಮಲಿಂಗಪ್ಪನವರು ಇಪ್ಪತ್ತು ಕಿಲೋದ ಎರಡು ಕಬ್ಬಿಣದ ಕಲ್ಲು ತರಿಸಿ, ಎರಡೂ ತಕ್ಕಡಿಯ ಮೇಲೆ ಒಮ್ಮೆಲೇ ಇಡಿಸಿದರು. ತಕ್ಕಡಿ ಇಪ್ಪತ್ತು ತೋರಿಸಿದವು. ಚೀಟಿಯಲ್ಲೂ ಇಪ್ಪತ್ತು, ಇಪ್ಪತ್ತು.

"ತಕ್ಕಡಿ ಸರಿ ಅದ. ಕಂಪ್ಯೂಟರ್ ಸರಿ ಅದ. ಇನ್ ಉಳಿದಾಂವ ನೀ ಒಬ್ಬನ," ಅಂದರು ಯಜಮಾನರು.

ಏಕನಾಥ ಮರಾಠಿಯಲ್ಲಿ ನಕ್ಕ: "ಕಾಯ್ ರೇ ಫಕೀರಪ್ಪಾ, ಪಾಯ್ ದಾಬತೋಸ್ ಕಾ?" ಚೀಟಿ ಬರುವ ಹೊತ್ತಿಗೆ ತಕ್ಕಡಿಯ ಅಂಚನ್ನು ಕಾಲಿಂದ ಒತ್ತುತ್ತೀಯೇನು ಎಂದು. ಕಳ್ಳ ತೂಕದವರ ಹಳೆಯ ಕಸುಬು ಅದು. ಕೂಡಿದವರೆಲ್ಲ ಅವನ ಪಾದ ನೋಡಿದರು. ಹಮಾಲರೂ ನೋಡಿದರು.

"ಸಾವ್ಕಾರ್ರ, ಮೂವತ್ತೊಂದ ವರ್ಷ ಆತ್ರಿ. ನನ್ನ ಕಾಲ ಎಂದಾರ ಅದರ ಮ್ಯಾಲೆ ನೋಡೀರೇನ್ರಿ?"

"ನಾ ನಿನ್ನ ಕಾಲ ನೋಡ್ಕೋತ ಕೂಡ್ಲ್ಯೋ, ಯಾಪಾರ ಮಾಡ್ಲೋ?"

ಅವನು ನನ್ನ ಕಡೆ ತಿರುಗಿದ. "ಕಾಶವ್ವ, ನೀ ಹೇಳವಾ. ನನ್ನ ಕೂಗು ಕೇಳೀದಿಲ್ಲೋ?"

ಎಲ್ಲರೂ ನನ್ನ ಕಡೆ ನೋಡಿದರು. ಎರಡು ಲೆಕ್ಕ ಬೇರೆ ಬೇರೆ ಬೀಳುತ್ತಿದ್ದವು ಎಂದು ಅಂದಿದ್ದರೆ ಸಾಕಿತ್ತು. ನಾನು ಚಹಾದ ಕಪ್ಪು ತೊಳೆಯುತ್ತ, "ನನಗೇನ್ ತಿಳೀತದ್ರಿ," ಅಂದೆ. ಅವನು ಚಪ್ಪಲಿ ಮೆಟ್ಟಿ ಹೋದ. ಮಧ್ಯಾಹ್ನವೇ ಅವನ ಜಾಗದಲ್ಲಿ ಹಮಾಲರಲ್ಲೊಬ್ಬನಾದ ಮಾಂತು ನಿಂತ.

ಮಾಂತು ನಿಂತ ಮೇಲೂ ತೂಕ ತಪ್ಪುವುದು ತಪ್ಪಲಿಲ್ಲ. ಎರಡು ದಿನ ಕಳೆದು, ಕಂಪ್ಯೂಟರ್ ಕಂಪನಿಗಳಿರುವ ಮಗರಪಟ್ಟಾದಿಂದ ನೀಲಿಮಾ ಎಂಬ ಹುಡುಗಿಯನ್ನು ಕರೆಸಿದರು. ಬೆಂಗಳೂರಿನವಳು, ಆ ಕಂಪ್ಯೂಟರಿನ ಲೆಕ್ಕ, ಅಂದರೆ ಪ್ರೋಗ್ರಾಮು, ಬರೆದುಕೊಟ್ಟವರ ಕಡೆಯವಳು. ಒಂದೇ ತಕ್ಕಡಿಯ ಮೇಲೆ ತನ್ನ ಚೀಲವಿಟ್ಟಳು, ಪರದೆ ನೋಡಿದಳು, ಬಗ್ಗಿ ಹಿಂದೆ ನೋಡಿದಳು.

"ಇದನ್ನ ಯಾರಾದ್ರೂ ಕಿತ್ತು ಹಾಕಿದ್ರಾ?"

ಪೂಜೆಯ ಮಾತು ನಾನೇ ಹೇಳಿದೆ. ನನಗೂ ತಿಳಿಯಬೇಕು ಅಂದಾಗ ಅವಳು ಬೇಸರಪಡದೆ ಕೂತು ಹೇಳಿದಳು.

"ನೋಡಿ ಅಜ್ಜಿ, ವಾಯರ್ ಸಿಕ್ಕಿಸಿದ ತಕ್ಷಣ ಕಂಪ್ಯೂಟರ್ ನೀನ್ಯಾರು ಅಂತ ಕೇಳತ್ತೆ. ಒಳ್ಳೇ ವಾಯರ್ ಆದ್ರೆ ಅದ್ರೊಳಗೆ ಅದರದ್ದೇ ನಂಬರ್ ಇರತ್ತೆ, ಎಲ್ಲಿ ಸಿಕ್ಕಿಸಿದ್ರೂ ಹಳೇ ಹೆಸರೇ ಸಿಗತ್ತೆ. ಇವು ಚೀಪ್ ವಾಯರ್, ನಂಬರ್ ಇಲ್ಲ. ಎರಡೂ ಒಂದೇ ಉತ್ತರ ಕೊಡ್ತವೆ. ಆಗ ಕಂಪ್ಯೂಟರ್ ಯಾವ ತೂತಲ್ಲಿ ಇದೆ ಅಂತ ನೋಡಿ ಹೆಸರಿಡತ್ತೆ. ಈ ತೂತು ಕಾಮ್ ಮೂರು, ಅದು ಕಾಮ್ ನಾಲ್ಕು. ನಮ್ಮ ಲೆಕ್ಕ ಕಾಮ್ ಮೂರನ್ನ ಎಡಗಡೆ ತಕ್ಕಡಿ ಅಂತ ನಂಬ್ಕೊಂಡಿದೆ. ವಾಯರ್ ಅದಲು ಬದಲಾಗಿದೆ, ಅದಕ್ಕೆ ಗೊತ್ತಿಲ್ಲ. ಈ ಚೀಲಕ್ಕೆ ಆ ಚೀಲದ ತೂಕ ಹಾಕಿದೆ. ಆ ತಕ್ಕಡಿ ಖಾಲಿ ಇದ್ರೆ, ಅದರ ಮೇಲೆ ಚೀಲ ಬೀಳೋವರೆಗೂ ಕಾಯತ್ತೆ."

"ಹಂಗಾರ ಎರಡರ ಮ್ಯಾಲೂ ಒಂದ ತೂಕದ ಕಲ್ಲ ಇಟ್ಟ ನೋಡಿದ್ರ?"

"ಗೊತ್ತೇ ಆಗಲ್ಲ ಅಜ್ಜಿ."

ಐದು ನಿಮಿಷದಲ್ಲಿ ಸರಿಮಾಡಿ, ಒಂದು ವಾಯರಿಗೆ ಕೆಂಪು ಟೇಪು ಸುತ್ತಿ ಹೋದಳು.

"ಫಕೀರಪ್ಪನ್ನ ಕರೀರ್ರಿ," ಅಂದೆ ಯಜಮಾನರಿಗೆ.

"ವಾಯರ್ ಕಿತ್ತಾಂವ ಅವನ ಹೌದಿಲ್ಲೋ?" ಅಂದರು. ಆಮೇಲೆ ಏನನ್ನಿಸಿತೋ, "ಬರಾಂವಿದ್ರ ಬರ್ಲಿ," ಅಂದರು.

ಅಂದೇ ಬಿಬ್ವೆವಾಡಿಯ ಅವನ ಖೋಲಿಗೆ ಹೋಗಿ ಎಲ್ಲ ಹೇಳಿದೆ. ಫಕೀರಪ್ಪ ತನ್ನ ಕೈ ನೋಡಿಕೊಂಡ. "ಅಂದ್ರ ನಾನ ತಿರುವಿ ಹಾಕಿದೆ," ಅಂದ. ನನ್ನ ಮೌನದ ಬಗ್ಗೆ ಏನೂ ಕೇಳಲಿಲ್ಲ. ಕೇಳಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ಬಂದ. ಯಜಮಾನರು ನಕ್ಕು, "ಬಾ ಬಾ, ಚಹಾ ಕುಡಿ. ಆಗಿದ್ದ್ ಆತು," ಅಂದರು.

ಫಕೀರಪ್ಪ ಕಪ್ಪು ಮುಟ್ಟಲಿಲ್ಲ. "ಒಂದ ಮಾತ್ರಿ ಸಾವ್ಕಾರ್ರ. ಅವತ್ತ ಎಲ್ಲಿ ನಿಂತ ಅಂದ್ರೋ ಅಲ್ಲೇ ನಿಂತ, ಆ ನಾಲ್ಕು ಮಂದೀನ್ನ ಕರದು, ಏಕನಾಥ ಶೇಠರನ್ನೂ ಕರದು, ಫಕೀರಪ್ಪ ಕಾಲ ಒತ್ತಿಲ್ಲ ಅನ್ರಿ. ನಾ ಒದರೂ ಅಷ್ಟ ಜೋರಾಗಿ ಅನ್ರಿ. ನಾಳೆ ಬೆಳಿಗ್ಗೆ ಕೆಲಸಕ್ಕ ಬರ್ತೀನಿ."

ಯಜಮಾನರ ನಗು ಹೋಯಿತು. "ಅಂದ್ರ ನನ್ನ ಅಂಗಡಿ ಒಂದ ವಾರ ಖೋಟಾ ತೂಕ ಮಾಡ್ತು ಅಂತ ನಾನ ಡಂಗುರಾ ಹೊಡೀಲ್ಯಾ? ಹುಚ್ಚೇನೋ ನಿನಗ? ಏಕನಾಥಗ ಕಡಿಮಿ ಬಿದ್ದ ಮಾಲ ಕಳಿಸೀನಿ, ಮುಗೀತು."

"ನಂದು ಮುಗೀಲಿಲ್ರಿ."

ತಕ್ಕಡಿಯಿಂದ ಮಾರು ದೂರ ನಿಂತು ಕೈ ಮುಗಿದು ಅವನು ಹೊರಟ. ಚಹಾ ಹಾಗೇ ಉಳಿಯಿತು. ಅದನ್ನು ಮೋರಿಗೆ ಚೆಲ್ಲಿದವಳು ನಾನು.

ಈಗ ಮಾಂತು ಕೂಗುವುದಿಲ್ಲ. ಮೊದಲ ಚೀಲಕ್ಕೆ ಕಂಪ್ಯೂಟರ್ ಒಂದು ಎಂದೇ ಬರೆಯುತ್ತದೆ. ಈ ವರ್ಷ ಖಂಡೇನವಮಿಗೆ ವಾಯರ್ ಮುಟ್ಟಬೇಡಿ ಎಂದು ಶಿವಪ್ರಕಾಶ ಹಗ್ಗ ಕಟ್ಟಿದ್ದ. ದೂರದಿಂದಲೇ ಹೂವು ಎಸೆದೆವು.

ಫಕೀರಪ್ಪ ಒಮ್ಮೊಮ್ಮೆ ಕಾಯಿಪಲ್ಯೆಗೆ ಯಾರ್ಡಿಗೆ ಬರುತ್ತಾನೆ. ಅವನನ್ನು ಕಂಡರೆ ಹಮಾಲರಲ್ಲಿ ಯಾರಾದರೊಬ್ಬ ಅಂದೇ ಅನ್ನುತ್ತಾನೆ, "ಏ, ತಕ್ಕಡಿ ಕಡೆ ಲಕ್ಷ್ಯ ಇರ್ಲೆಪಾ, ಕಾಲು ಬಂತು." ಅವನು ತಲೆ ತಗ್ಗಿಸಿ, ತನ್ನ ಪಾದ ನೋಡಿಕೊಳ್ಳುತ್ತ ದಾಟುತ್ತಾನೆ. ಅದು ಸುಳ್ಳು ಎಂದು ನಾನೀಗ ಎದ್ದು ನಿಂತು ಹೇಳುತ್ತೇನೆ. ಅವರು ಕೇಳಿ, ಚಹಾ ಕೊಡವಾ ಅನ್ನುತ್ತಾರೆ.