ಮಜ್ಯೂನಾ ಕೆಳಗಿಟ್ಟ ಬಟ್ಟಲು

ಅರಬ್ ನಾಡಿನ ಕೆರಕ್ ಬೆಟ್ಟದ ನಮ್ಮ ಊರಿನಲ್ಲಿ ಏಸುಸ್ವಾಮಿ ವರ್ಷಕ್ಕೆ ಎರಡು ಸಲ ಸತ್ತು ಎರಡು ಸಲ ಏಳುತ್ತಾನೆ. ಪೋಪರನ್ನು ಒಪ್ಪುವ ಲ್ಯಾಟಿನ್ ಪಂಗಡದವರಿಗೆ ಈಸ್ಟರ್ ಮೊದಲು, ಹಳೆಯ ಪಂಚಾಂಗ ಹಿಡಿದ ನಮ್ಮ ರೂಮ್ ಪಂಗಡದವರಿಗೆ ಆಮೇಲೆ. ಕೆಲವು ವರ್ಷ ನಡುವೆ ತಿಂಗಳು ಮೀರುತ್ತದೆ. ಗೋಡೆಯಾಚೆ ಕುರಿಮಾಂಸ ಕುದಿಯುವಾಗ ಈಚೆ ನಾವು ಉಪವಾಸದ ಮಸೂರ ಬೇಳೆ ಬೇಯಿಸುತ್ತಿರುತ್ತೇವೆ. ಇದೇ ಕಾರಣಕ್ಕೆ ಮಾತು ಬಿಟ್ಟ ಮನೆಗಳೂ ಉಂಟು.

ನಮ್ಮ ಓಣಿಯ ವಿಧವೆ ಮಜ್ಯೂನಾ ಅಗಲ ಮೈಯವಳು, ನಕ್ಕರೆ ಮೂರನೆಯ ಮನೆಗೆ ಕೇಳಬೇಕು. ಅವಳ ಒಬ್ಬನೇ ಮಗ ಔದೆ ಗೋಡೆಯಾಚೆಯ ತರ್ಫಾಳನ್ನು ಮೆಚ್ಚಿ ಸೊರಗಿದ್ದ. ಹುಡುಗಿಯ ಅಪ್ಪ ಗತ್ತಾಸ್ ಲ್ಯಾಟಿನ್ ಹಿರಿಯ. ಕೇಳಲು ಹೋದವರಿಗೆ, ನಿಮ್ಮ ಸ್ವಾಮಿ ಏಳುವುದೇ ತಡವಾಗಿ, ನನ್ನ ಮಗಳು ನಮ್ಮ ಹಬ್ಬದ ದಿನ ಮಸೂರ ತಿನ್ನಬೇಕೇ ಎಂದು ಕೇಳಿ ಬಾಗಿಲು ಹಾಕಿದ್ದ.

ಆ ಚಳಿಗಾಲದಲ್ಲಿ ಗತ್ತಾಸನ ಹೆಂಡತಿ ತೀರಿಕೊಂಡಳು. ಸಾವಿನ ಮನೆಯ ಮೊದಲ ಹಬ್ಬಕ್ಕೆ ನೆರೆಯವರು ಹೋಗಿ ಕೂರಬೇಕು, ಅದು ನಮ್ಮಲ್ಲಿನ ರೂಢಿ. ಅವರ ಈಸ್ಟರಿನ ಮರುದಿನ ಮಜ್ಯೂನಾ ತಲೆವಸ್ತ್ರ ಕೊಡವಿ ಹೊರಟಳು. ಓಣಿಯ ಹೆಂಗಸರು ಸುಮ್ಮನಿದ್ದಾರೆಯೇ?

“ಏನವ್ವಾ, ನಮ್ಮ ಸ್ವಾಮಿ ಇನ್ನೂ ಶಿಲುಬೆ ಏರಿಲ್ಲ, ನೀನಾಗಲೇ ಎದ್ದ ಅಂತ ಸಾರೋಕೆ ಹೊಂಟ್ಯಾ?”

“ಅಲ್ಲಿ ಎದ್ದವ್ನೆ, ಇಲ್ಲಿ ಇನ್ನೂ ಶಿಲುಬೆ ಹೊರ್ತಾವ್ನೆ. ಎರಡೂ ದಿಟ ಕಣ್ರೇ. ಇಲ್ಲಿ ಹೊರೋಕೆ ಒಂದು ಹೆಗಲು ಕೊಡ್ತೀನಿ, ಅಲ್ಲಿ ಹೋಗಿ ಒಂದು ಮಾತಾಡಿ ಬರ್ತೀನಿ.”

ಮಗನ ವಿಷಯ ಮಾತ್ರ ಬಾಯಿ ಬಿಡಬಾರದೆಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಹೆಂಡತಿಯನ್ನು ಮಣ್ಣು ಮಾಡಿದವನ ಮುಂದೆ ಮದುವೆಯ ಮಾತೇ?

ಅಂಗಳದ ತುಂಬ ಲ್ಯಾಟಿನ್ ನೆಂಟರು, ನೆರೆಯವನಾಗಿ ಹೋಗಿದ್ದ ನಾನೂ ಅವರ ನಡುವೆ ಕೂತಿದ್ದೆ. “ಕ್ರಿಸ್ತ ಎದ್ದಿದ್ದಾನೆ” ಎಂದು ಹೇಳಿ ಅವಳು ಕೂತಳು. ಗತ್ತಾಸನ ಕಣ್ಣು ತೇವವಾಯಿತು. ಕಹಿ ಕಾಫಿ ಬಂತು. ಅವಳು ಬಟ್ಟಲು ತೆಗೆದುಕೊಂಡು, ಕುಡಿಯದೆ, ಮೆಲ್ಲಗೆ ಚಾಪೆಯ ಮೇಲಿಟ್ಟಳು.

ಅಂಗಳದವರೆಲ್ಲ ಆ ಬಟ್ಟಲಿನತ್ತ ತಿರುಗಿದರು. ನಮ್ಮ ನಾಡಿನಲ್ಲಿ ಬಂದವರು ಕಾಫಿ ಮುಟ್ಟದೆ ಕೆಳಗಿಟ್ಟರೆ ಅವರಿಗೊಂದು ಬೇಡಿಕೆ ಉಂಟು ಎಂದರ್ಥ. ಈಡೇರಿಸದೆ ಕಳಿಸಿದರೆ ಮನೆಯ ಮಾನ ಹೋದಂತೆ. ಬಾಗಿಲ ಸಂದಿಯಲ್ಲಿದ್ದ ತರ್ಫಾ ಕತ್ತು ಮುಂದೆ ಚಾಚಿದಳು.

ಗತ್ತಾಸ್ ಬಟ್ಟಲನ್ನು ಅವಳತ್ತ ಸರಿಸಿದ. “ಕಾಫಿ ಕುಡಿ, ಔದೆಯವ್ವಾ. ಹುಡುಗಿ ನಿಮ್ಮೋಳು.”

ತಾನು ಏನು ಮಾಡಿಬಿಟ್ಟೆ ಎಂದು ಮಜ್ಯೂನಾಳಿಗೆ ಹೊಳೆದದ್ದು ಆಗಲೇ. ಸುಮ್ಮನೆ ಬಟ್ಟಲೆತ್ತಿದ್ದರೆ ಮಗನ ಬಾಳು ಹಸನಾಗುತ್ತಿತ್ತು. ಅವಳು ಎತ್ತಲಿಲ್ಲ.

“ಅಯ್ಯೋ ಗತ್ತಾಸಣ್ಣ, ನಾನು ಕೇಳೋಕೆ ಬಂದೋಳಲ್ಲ. ನಮ್ಗೆ ಉಪವಾಸ, ಮಧ್ಯಾಹ್ನದ ಗಂಟೆ ಹೊಡೆಯೋವರ್ಗೂ ನೀರೂ ಮುಟ್ಟಲ್ಲ. ಉಪವಾಸದ ಅಭ್ಯಾಸಕ್ಕೆ ಕೆಳಗಿಟ್ಬಿಟ್ಟೆ. ನಿನ್ ಮಾತು ನೀನು ವಾಪಸ್ ತಗೋ. ದುಃಖದಲ್ಲಿರೋನು ತಪ್ಪು ತಿಳ್ಕೊಂಡಿದ್ದನ್ನ ಹಿಡ್ಕೊಂಡು ಸೊಸೆ ತರೋ ಬುದ್ಧಿ ನಂಗೆ ಬೇಡ.”

ಮೂಲೆಯಲ್ಲಿ ಯಾರೋ ಮುದುಕ ಕಿಸಕ್ಕೆಂದ. ಅವನನ್ನು ನೋಡಿ ಇನ್ನೊಬ್ಬ. ಕೊನೆಗೆ ಗತ್ತಾಸನೂ ಹೊಟ್ಟೆ ಹಿಡಿದು ನಕ್ಕ. ಹೆಂಡತಿ ಸತ್ತ ಮೇಲೆ ಆ ಮನೆಯಲ್ಲಿ ಅದೇ ಮೊದಲ ನಗು.

“ಆಗ ಮಾನಕ್ಕೆ ಅಂಜಿ ಕೊಟ್ಟಿದ್ದೆ,” ಎಂದು ಕಣ್ಣೊರೆಸಿಕೊಂಡ. “ಈಗ ಮನಸಾರೆ ಕೊಡ್ತೀನಿ. ಇಂಥ ಅತ್ತೆ ಇರೋ ಮನೇಲಿ ನನ್ ಮಗಳು ಮಸೂರ ತಿಂದ್ರೂ ನಗ್ತಾ ತಿಂತಾಳೆ. ಗಂಟೆ ಹೊಡೀಲಿ, ಆಮೇಲೆ ಕುಡಿ.”

ಹಾಗೆಂದು ತನ್ನ ಬಟ್ಟಲನ್ನೂ ಕೆಳಗಿಟ್ಟ. ಉಳಿದವರೂ ಇಟ್ಟರು. ಹಬ್ಬದ ಮನೆಯವರೆಲ್ಲ ಉಪವಾಸದವಳ ಜೊತೆ ಬಾಯಿ ಕಟ್ಟಿ, ಸತ್ತವಳ ಕಥೆಗಳನ್ನು ಹೇಳುತ್ತ ಕೂತರು. ನಾವು ಅತ್ತೆವು, ನಕ್ಕೆವು. ಯಾವುದು ಯಾವ ಪಂಗಡದ್ದು ಎಂದು ಯಾರೂ ಕೇಳಲಿಲ್ಲ. ನಮ್ಮ ಚರ್ಚಿನ ಗಂಟೆ ಹೊಡೆದಾಗ ತರ್ಫಾ ಬಿಸಿ ಕಾಫಿ ತರಲು ಓಡಿದಳು. ಮಜ್ಯೂನಾ ಕಾಯಲಿಲ್ಲ. ತಣ್ಣಗಾಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಬಟ್ಟಲನ್ನು ಸೊಸೆಯ ಕೈಗೆ ಕೊಟ್ಟಳು.